ಗಿಟಾರಿನ ಬಣ್ಣ, ಷಡ್ಡಕನ ಕಾಯಿಲ್

ಮೆರುಗಣ್ಣನಿಗೆ ಹೊಟ್ಟೆಕಿಚ್ಚು ಅಂತ ಯಾರಾದರೂ ಎದುರಿಗೇ ಅಂದಿದ್ದರೆ ಸ್ಪ್ರೇ ಗನ್ನನ್ನೇ ಅವರ ಮೂತಿಗೆ ಹಿಡಿಯುತ್ತಿದ್ದ. ಹಾಗಂತ ಮಾತು ಸುಳ್ಳಾಗುತ್ತದೆಯೇ? ವರ್ಕ್‌ಶಾಪಿನ ಗೋಡೆಗಳಿಗೂ ಗೊತ್ತಿದ್ದ ವಿಷಯ ಅದು. ಹೆಂಡತಿಯ ತಂಗಿಯ ಗಂಡ, ಅಂದರೆ ಅವನ ಷಡ್ಡಕ, ಎದುರು ರೂಮಿನಲ್ಲಿ ಕೂತು ಸುಮ್ಮನೆ ಸಿಳ್ಳೆ ಹಾಕಿದರೂ ಸಾಕು, ಈ ರೂಮಿನಲ್ಲಿ ಇವನ ಮೈಯೆಲ್ಲ ಉರಿಯುತ್ತಿತ್ತು.

ಇಬ್ಬರೂ ಎಲೆಕ್ಟ್ರಿಕ್ ಗಿಟಾರ್ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದರು. ಮೆರುಗಣ್ಣನದು ಹಿಂಬದಿಯ ಬಣ್ಣದ ರೂಮು. ಗೋಡೆಗೆಲ್ಲ ಪ್ಲಾಸ್ಟಿಕ್ ಹಾಳೆ, ಹೊಗೆ ಎಳೆಯುವ ಒಂದು ದೊಡ್ಡ ಫ್ಯಾನು, ಕೊಕ್ಕೆಗೆ ನೇತುಹಾಕಿದ ಗಿಟಾರಿನ ಮೈಗಳು. ಮರಕ್ಕೆ ಮೆರುಗು ಕೊಡುವ ಲ್ಯಾಕರನ್ನು ತೆಳ್ಳಗೆ ಹೊಡೆಯಬೇಕು, ಒಣಗಲು ಬಿಡಬೇಕು, ನೀರು ಹಾಕಿ ಎಮರಿ ಪೇಪರಿನಲ್ಲಿ ಉಜ್ಜಬೇಕು, ಮತ್ತೆ ಹೊಡೆಯಬೇಕು. ಹೀಗೆ ವಾರಗಟ್ಟಲೆ. ಬೇಗ ಮುಗಿಸಿ ಅಂದವರಿಗೆ, "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತ ಕೇಳಿಲ್ವೇನ್ರೀ?" ಅಂತ ಬಾಯಿ ಮುಚ್ಚಿಸುತ್ತಿದ್ದ. ಗಿಟಾರಿನ ನಾದವೆಲ್ಲ ತನ್ನ ಮೆರುಗಿನಲ್ಲೇ ಇದೆ ಅನ್ನುವುದು ಅವನ ನಂಬಿಕೆ. "ದಪ್ಪ ಬಣ್ಣ ಹೊಡೆದ್ರೆ ಮರಕ್ಕೆ ಕಂಬಳಿ ಹೊದಿಸಿದ ಹಾಗೆ. ಉಸಿರುಕಟ್ಟಿ ಕೂತ ಮರ ಎಲ್ಲಿಂದ ಹಾಡ್ಬೇಕು?" ಅನ್ನುತ್ತಿದ್ದ. ಯಾರೂ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಷಡ್ಡಕನನ್ನು ಎಲ್ಲರೂ ವೈಂಡಿಂಗ್ ಅಂತಲೇ ಕರೆಯುತ್ತಿದ್ದರು. ಮೊದಲು ಅವನು ಸುಟ್ಟುಹೋದ ಫ್ಯಾನು, ಪಂಪುಗಳ ಮೋಟಾರಿಗೆ ತಂತಿ ಸುತ್ತಿಕೊಡುತ್ತಿದ್ದವನು. ಆ ಅಂಗಡಿ ಬಾಗಿಲು ಹಾಕಿದಾಗ, "ರೀ, ನನ್ನ ತಂಗಿ ಮುಖ ನೋಡಿಯಾದ್ರೂ ಒಂದು ಮಾತು ಹೇಳ್ರೀ" ಅಂತ ಹೆಂಡತಿ ದುಂಬಾಲು ಬಿದ್ದಳು. ಇವನೇ ಕೈಹಿಡಿದು ಕರೆತಂದು ಕೆಲಸಕ್ಕೆ ಸೇರಿಸಿದ. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಅಂತ ಒಂದಿರುತ್ತದೆ, ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಕಾಯಿಲ್. ಮೀಟಿದ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅದೇ. ಅದನ್ನು ಸುತ್ತುವ ಕೆಲಸಕ್ಕೆ ವೈಂಡಿಂಗನನ್ನು ಕೂರಿಸಿದರು. ಅಷ್ಟೇ ನೋಡಿ, ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಉದ್ದವಾಯಿತು.

ಗಿರಾಕಿಗಳು ಬಂದರೆ ಲ್ಯಾಕರಿನ ವಾಸನೆಗೆ ಮೂಗು ಮುಚ್ಚಿಕೊಂಡು ಬಣ್ಣದ ರೂಮನ್ನು ದಾಟಿ ನೆಟ್ಟಗೆ ವೈಂಡಿಂಗನ ಟೇಬಲಿಗೆ ಹೋಗುತ್ತಿದ್ದರು. "ಏನ್ ಸೌಂಡ್ ಗುರೂ!" ಅಂತ ಅವನ ಬೆನ್ನು ತಟ್ಟುತ್ತಿದ್ದರು. ಗಿಟಾರನ್ನು ನಡುವೆ ಹಿಡಿದು ಅವನ ಜೊತೆ ಫೋಟೋ ಬೇರೆ. ಫೋಟೋದಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿದ್ದದ್ದು ಯಾರ ಮೆರುಗು ಸ್ವಾಮಿ? ಕೇಳುವವರೇ ಇಲ್ಲ. ಅತ್ತೆಯಂತೂ ಅಕ್ಕಪಕ್ಕದವರ ಮುಂದೆ, "ನಮ್ಮ ಚಿಕ್ಕಳಿಯಂದಿರು ಗಿಟಾರಿಗೆ ಜೀವ ತುಂಬ್ತಾರೆ" ಅಂತ ಕೊಚ್ಚಿಕೊಳ್ಳುತ್ತಿದ್ದರು. ದೊಡ್ಡಳಿಯ ಏನು ಮಾಡ್ತಾರೆ ಅಂತ ಯಾರೋ ಕೇಳಿದ್ದಕ್ಕೆ, "ಅವ್ರಾ? ಪೇಂಟ್ ಹೊಡೀತಾರೆ" ಅಂದರಂತೆ. ಆ ಮಾತು ಕೇಳಿದ ದಿನ ಮೆರುಗಣ್ಣನಿಗೆ ಊಟ ಸೇರಲಿಲ್ಲ.

ಇಷ್ಟು ಸಾಲದು ಅಂತ ವರ್ಕ್‌ಶಾಪಿನ ಯಜಮಾನಿ ಮೇಡಂ ಒಂದು ಬೆಳಿಗ್ಗೆ ಅವನನ್ನು ಕರೆಸಿದರು.

"ಅಣ್ಣ, ಆರ್ಡರ್ ಜಾಸ್ತಿ ಬರ್ತಿದೆ. ನಿಮ್ಮ ಲ್ಯಾಕರ್ ಒಣಗೋವರೆಗೆ ಕಾಯಕ್ಕಾಗಲ್ಲ. ಹೊರಗಿನವರ ಹತ್ರ ಪಾಲಿ ಅನ್ನೋ ಪ್ಲಾಸ್ಟಿಕ್ ಪೇಂಟ್ ಹೊಡೆಸಿದ್ರೆ ಬೇಗ ಮುಗಿಯುತ್ತೆ. ಸ್ವಲ್ಪ ದಪ್ಪ, ಆದ್ರೆ ಗಟ್ಟಿ."

"ಸೌಂಡ್ ಸತ್ತು ಹೋಗುತ್ತೆ ಮೇಡಂ!"

"ಹಾಗಂತ ನೀವು ಹೇಳ್ತೀರ. ಸೌಂಡೆಲ್ಲ ಪಿಕಪ್ಪಲ್ಲಿದೆ, ಬಣ್ಣದಲ್ಲಿ ಏನೂ ಇಲ್ಲ ಅಂತ ಗಿಟಾರ್ ಮೇಷ್ಟ್ರು ಹೇಳ್ತಾರೆ. ಜಗಳ ಯಾಕೆ? ನೋಡೇಬಿಡೋಣ."

ಪರೀಕ್ಷೆ ಹೀಗೆ: ಒಂದೇ ಹಲಗೆಯಿಂದ ಎರಡು ಗಿಟಾರು, ಎರಡಕ್ಕೂ ವೈಂಡಿಂಗನದೇ ಕಾಯಿಲ್. ಒಂದಕ್ಕೆ ಪಾಲಿ, ಒಂದಕ್ಕೆ ಲ್ಯಾಕರ್. ಮೇಷ್ಟ್ರು ಪರದೆಯ ಹಿಂದೆ ಕೂತು ನುಡಿಸುತ್ತಾರೆ. ಕೇಳುವವರಿಗೆ ವ್ಯತ್ಯಾಸ ಗೊತ್ತಾದರೆ ಬಣ್ಣದ ರೂಮು ಉಳಿಯುತ್ತದೆ. ಗೊತ್ತಾಗದಿದ್ದರೆ ಮುಚ್ಚುತ್ತದೆ.

"ಮುಚ್ಚಿದ್ರೆ ನಾನು?"

"ನಿಮ್ಮನ್ನ ಕೈಬಿಡ್ತೀವಾ ಅಣ್ಣ? ವೈಂಡಿಂಗ್ ಜೊತೆ ಕೂತ್ಕೊಳ್ಳಿ. ಅವ್ರು ಕಲಿಸಿಕೊಡ್ತಾರೆ."

ಕೆಲಸದಿಂದ ತೆಗೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ತಾನು ಕೈಹಿಡಿದು ಕರೆತಂದವನ ಕೈಕೆಳಗೆ! ಅವನು "ಅಣ್ಣ, ಹಾಗಲ್ಲ, ಹೀಗೆ" ಅಂತ ಹೇಳಿಕೊಡುವುದು, ತಾನು ತಲೆಯಾಡಿಸುವುದು, ಅದನ್ನು ಅತ್ತೆ ಊರಿಗೆಲ್ಲ ಸಾರುವುದು. ಅದಕ್ಕಿಂತ ಆ ಲ್ಯಾಕರ್ ಡಬ್ಬಿಯಲ್ಲೇ ಮುಳುಗಿ ಸಾಯುವುದು ಮೇಲು ಅನ್ನಿಸಿತು.

ಗಿಟಾರಿನ ಹೊಟ್ಟೆಯಲ್ಲಿ, ಪಿಕಪ್ಪು ವೈರು ಎಲ್ಲ ಕೂರುವುದಕ್ಕೆ, ಒಂದು ಗುಂಡಿ ಕೊರೆದಿರುತ್ತಾರೆ. ಅದರ ಒಳಮೈಗೆ ಮಸಿಯಂಥ ಒಂದು ಕಪ್ಪು ಬಣ್ಣ ಬಳಿಯಬೇಕು. ಟ್ಯೂಬ್‌ಲೈಟು, ವೈರುಗಳ ಗುಂಯ್‌ಗುಡುವ ಕರೆಂಟಿನ ಸದ್ದು ಕಾಯಿಲಿಗೆ ತಾಕದಂತೆ ಅದು ತಡೆಯುತ್ತದೆ. ಬಳಿಯುವವನು ಮೆರುಗಣ್ಣನೇ, ಆದರೆ ಅದನ್ನು ಅವನು ಯಾವತ್ತೂ ಕೆಲಸ ಅಂತ ಲೆಕ್ಕಕ್ಕೆ ಹಿಡಿದವನಲ್ಲ. ಯಾರ ಕಣ್ಣಿಗೂ ಬೀಳದ, ಮೇಲೊಂದು ಪ್ಲೇಟು ಮುಚ್ಚಿದರೆ ಮರೆತೇಹೋಗುವ ಬಣ್ಣ. ಪಾಲಿಯ ಗಿಟಾರಿಗೆ ಎಂದಿನಂತೆ ಬಳಿದು ಕಳಿಸಿದ. ತನ್ನ ಗಿಟಾರಿಗೆ ಬಂದಾಗ ಬ್ರಷ್ಷು ಎತ್ತಿದವನು ಹಾಗೇ ನಿಂತ. ಹೊರಗೆ ಇಷ್ಟು ತೆಳ್ಳಗೆ ಮಾಡಿ ಒಳಗೆ ಈ ಡಾಂಬರು ಬಳಿಯುವುದೇ? ಒಳಗಿಂದಾದರೂ ಮರ ಉಸಿರಾಡಲಿ, ನಾದ ಇನ್ನಷ್ಟು ಬಿಚ್ಚಿಕೊಳ್ಳಲಿ ಅಂತ ಬ್ರಷ್ಷು ಕೆಳಗಿಟ್ಟ. ವೈಂಡಿಂಗ್ ಪಿಕಪ್ಪನ್ನು ಪ್ಲೇಟಿಗೆ ಕೂರಿಸಿ ತಂದಾಗ, "ಕೊಡು ಇಲ್ಲಿ. ಹಸಿ ಮೆರುಗು, ನಿನ್ನ ಬೆರಳಚ್ಚು ಬೇಡ" ಅಂತ ಕಿತ್ತುಕೊಂಡು ತಾನೇ ಬೆಸುಗೆ ಹಾಕಿ ಸ್ಕ್ರೂ ಬಿಗಿದ.

ಪರೀಕ್ಷೆಯ ದಿನ ಮುಂದಿನ ಹಾಲಿನಲ್ಲಿ ಪರದೆ ಕಟ್ಟಿದರು. ಮೇಡಂ, ಬಡಗಿ, ಪ್ಯಾಕಿಂಗಿನ ಅಕ್ಕ, ವೈಂಡಿಂಗ್ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತರು. ಮೇಷ್ಟ್ರು ಮೊದಲನೆಯದನ್ನು ನುಡಿಸಿದರು. ಚೆನ್ನಾಗಿತ್ತು. ಎರಡನೆಯದರ ವೈರು ಚುಚ್ಚಿದ್ದೇ ತಡ, ತಂತಿ ಮುಟ್ಟುವ ಮುಂಚೆಯೇ ಸ್ಪೀಕರಿನಿಂದ ಗುಂಯ್ ಅಂತ ಸದ್ದು ಬಂತು. ನುಡಿಸಿದರೂ ಗುಂಯ್, ನಿಲ್ಲಿಸಿದರೂ ಗುಂಯ್. ಬಡಗಿ, "ಇದ್ಯಾವ ದುಂಬಿ ಹೊಕ್ಕಿದೆ ಮಾರಾಯ್ರೆ?" ಅಂದ. ಎಲ್ಲರೂ ಬಿದ್ದುಬಿದ್ದು ನಕ್ಕರು.

ಮೇಡಂ ಪರದೆ ಸರಿಸಿದರು. ಮೇಷ್ಟ್ರ ತೊಡೆಯ ಮೇಲಿದ್ದದ್ದು ಲ್ಯಾಕರಿನ ಗಿಟಾರು. ಮೆರುಗಣ್ಣ ಇಂಗು ತಿಂದ ಮಂಗನಂತಾದ. ಆಮೇಲೆ ಒಮ್ಮೆಲೇ ಎದ್ದು ನಿಂತ.

"ಇದು ಇವನದೇ ಕೆಲಸ! ಬೇಕಂತಲೇ ಕೆಟ್ಟ ಕಾಯಿಲ್ ಕೊಟ್ಟಿದಾನೆ!" ಅಂತ ವೈಂಡಿಂಗನ ಕಡೆ ಬೆರಳು ತೋರಿಸಿದ. "ನಾನು ಕರ್ಕೊಂಡು ಬರದೇ ಇದ್ದಿದ್ರೆ ಇನ್ನೂ ಫ್ಯಾನು ರಿಪೇರಿ ಮಾಡ್ಕೊಂಡಿರ್ತಿದ್ದ. ಫೋಟೋ ಇವನಿಗೆ, ಹೊಗಳಿಕೆ ಇವನಿಗೆ, ನಮ್ಮತ್ತೆ ಬಾಯಲ್ಲೂ ಇವನೇ! ಈಗ ನನ್ನ ರೂಮಿಗೂ ಕಣ್ಣು ಹಾಕಿದಾನೆ!"

ವೈಂಡಿಂಗ್ ಮೆಲ್ಲಗೆ ಎದ್ದು ಬಂದು, ಗಿಟಾರನ್ನು ತನ್ನ ಕಡೆಗೆ ತಿರುಗಿಸಿ, ಸ್ಕ್ರೂ ಬಿಚ್ಚಿ ಪ್ಲೇಟನ್ನು ಒಂಚೂರು ಎತ್ತಿದ. ಒಳಗೆ ಬರೀ ಮರ, ಬೆಳ್ಳಗೆ. ಅವನ ಹೆಗಲ ಮೇಲಿಂದ ಮೆರುಗಣ್ಣನೂ ಕಂಡ. ಕಂಡ ಕೂಡಲೇ ಗುಂಯ್ ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಬೇರೆಯವರಿಗೆ ಕಾಣುವ ಮುಂಚೆ ವೈಂಡಿಂಗ್ ಪ್ಲೇಟನ್ನು ಒತ್ತಿ ಮುಚ್ಚಿದ.

"ಅಣ್ಣ ಹೇಳೋದು ಸರಿ ಮೇಡಂ. ತಪ್ಪು ನಂದೇ. ಪ್ಲೇಟಿನ ಅರ್ಥ್ ವೈರು ಸರಿಯಾಗಿ ಕೂರಿಸಿಲ್ಲ."

"ಏನ್ರೀ ಇದು?" ಮೇಡಂ ಸಿಡಿದರು. "ಇಷ್ಟು ಮುಖ್ಯವಾದ ದಿನಾನೇ ನಿಮಗೆ ಇಷ್ಟು ಉಡಾಫೆನಾ? ಮೇಷ್ಟ್ರನ್ನ ಕರೆಸಿ ಮರ್ಯಾದೆ ಕಳೆದ್ರಲ್ಲ!" ಇನ್ನೂ ಏನೇನೋ ಅಂದರು. ವೈಂಡಿಂಗ್ ತಲೆ ತಗ್ಗಿಸಿ ಕೇಳಿಸಿಕೊಂಡ.

ಮೆರುಗಣ್ಣ ಎಷ್ಟು ವರ್ಷದಿಂದ ಕಾಯುತ್ತಿದ್ದ ಗಳಿಗೆ ಅದು! ಷಡ್ಡಕ ಎಲ್ಲರೆದುರು ಉಗಿಸಿಕೊಳ್ಳುವುದನ್ನು ಕಣ್ತುಂಬ ನೋಡಬೇಕು ಅಂತ ಎಷ್ಟು ಸಲ ಅಂದುಕೊಂಡಿದ್ದ. ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಆದರೆ ಆ ತಗ್ಗಿಸಿದ ತಲೆ ನೋಡುತ್ತಾ ನೋಡುತ್ತಾ ಇವನ ಹೊಟ್ಟೆಯಲ್ಲಿ ಹಿಂದೆಂದೂ ಇಲ್ಲದ ಕಿಚ್ಚೆದ್ದಿತು. ಕಾಯಿಲಿನಲ್ಲಿ ಇವನೇ ಮುಂದೆ, ಹೆಸರಿನಲ್ಲಿ ಇವನೇ ಮುಂದೆ. ಈಗ ಒಳ್ಳೆಯತನದಲ್ಲೂ ಇವನೇ ಮುಂದಾಗಬೇಕೇ? ನಾಳೆಯಿಂದ ಇವನ ಉಪಕಾರ ಹೊತ್ತು ತಿರುಗಬೇಕೇ?

"ಸುಳ್ಳು!" ಅಂತ ಕೂಗಿದ. "ಅವನ ವೈರು ಸರಿಯಾಗೇ ಇದೆ. ಒಳಗಿನ ಕಪ್ಪು ಬಣ್ಣ ನಾನೇ ಹಚ್ಚಿಲ್ಲ. ಮರ ಉಸಿರಾಡ್ಲಿ ಅಂತ ಬಿಟ್ಟೆ. ತೆಗೆದು ನೋಡಿ."

ಮೇಡಂ ತೆಗೆದು ನೋಡಿದರು. ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ವೈಂಡಿಂಗ್ ಕಪ್ಪು ಬಣ್ಣದ ಬದಲು ಗುಂಡಿಗೆ ತಾಮ್ರದ ಹಾಳೆ ಅಂಟಿಸಿ, ಬೆಸುಗೆ ಹಾಕಿ ಕೊಟ್ಟ. ಗುಂಯ್ ಸದ್ದು ಅಡಗಿತು. ಪರದೆ ಮತ್ತೆ ಎಳೆದರು.

"ಈ ಸಲ ಬೇರೆ ಯಾರೂ ಬೇಡ. ನೀವೇ ಹೇಳಿ ಅಣ್ಣ" ಅಂದರು ಮೇಡಂ. "ನಿಮ್ಮ ಕೂಸು ನಿಮಗೆ ಗೊತ್ತಾಗಲ್ವಾ?"

ಮೆರುಗಣ್ಣ ಕಣ್ಣು ಮುಚ್ಚಿ ಕೇಳಿದ. ಮೊದಲನೆಯದು ತುಂಬಿಕೊಂಡು ಬಂತು. ಎರಡನೆಯದೂ ತುಂಬಿಕೊಂಡೇ ಬಂತು. ಮತ್ತೊಮ್ಮೆ ನುಡಿಸಿ ಅಂದ, ಅವರು ನುಡಿಸಿದರು. ಕೊನೆಗೆ, "ಮೊದಲನೇದು ನಂದು. ಇನ್ನೊಂದು ಕಂಬಳಿಯೊಳಗಿಂದ ಬಂದ ಹಾಗಿದೆ" ಅಂತ ಎದೆ ತಟ್ಟಿ ಹೇಳಿದ.

ಪರದೆ ಸರಿಯಿತು. ಮೊದಲನೆಯದು ಪಾಲಿ.

ಸಂಜೆ ಗೇಟಿನ ಹತ್ತಿರ ವೈಂಡಿಂಗ್ ಕಾದಿದ್ದ. "ಯಾಕಣ್ಣ ಹೇಳಿಬಿಟ್ರಿ? ನಾನು ಮುಚ್ಚಿಹಾಕಿದ್ನಲ್ಲ."

"ನೀನು ಮುಚ್ಚಿಹಾಕಿದ್ದಕ್ಕೇ ಹೇಳಿದೆ" ಅಂದ ಮೆರುಗಣ್ಣ, ಮುಖ ನೋಡದೆ.

"ಸೋಮವಾರ ನನ್ನ ರೂಮಿಗೆ ಬನ್ನಿ. ಕಿಟಕಿ ಪಕ್ಕದ ಜಾಗ ನಿಮಗೆ ಬಿಡ್ತೀನಿ, ಬೆಳಕು ಚೆನ್ನಾಗಿದೆ. ಲ್ಯಾಕರೇ ಬೇಕು ಅನ್ನೋ ಗಿರಾಕಿ ಇದ್ರೆ ಒಂದೆರಡು ಮಾಡೋಣ ಅಂತ ಮೇಡಂಗೂ ಹೇಳಿದೀನಿ."

ಮೆರುಗಣ್ಣ ಬಸ್ಸು ಹತ್ತಿದ.

ಮನೆಗೆ ಬರುವಷ್ಟರಲ್ಲಿ ಹೆಂಡತಿಗೆ ತಂಗಿಯಿಂದ ಸುದ್ದಿ ಮುಟ್ಟಿತ್ತು. ನೀರು ಕೊಟ್ಟು ಪಕ್ಕದಲ್ಲಿ ಕೂತಳು. "ತಪ್ಪು ಒಪ್ಕೊಂಡ್ರಂತೆ. ನಿಮ್ಮದು ದೊಡ್ಡ ಮನಸ್ಸು ಅಂತ ನಿಮ್ಮ ಷಡ್ಡಕ ಹೇಳಿದ್ರಂತೆ ಕಣ್ರೀ."

"ಅದನ್ನೂ ಅವನೇ ಹೇಳಿದ್ನಾ?"

"ಹೂಂ."

ಮೆರುಗಣ್ಣ ಲೋಟ ಕೆಳಗಿಟ್ಟ. ಉಗುರಿನ ಸಂದಿಯಲ್ಲಿ ಒಣಗಿದ್ದ ಲ್ಯಾಕರನ್ನು ಸ್ವಲ್ಪ ಹೊತ್ತು ಕೆರೆಯುತ್ತಾ ಕೂತ.

"ಅವನು ಒಂಚೂರು ಕೆಟ್ಟವನಾಗಿದ್ದಿದ್ರೆ ನನಗೆ ಬದುಕೋಕೆ ಎಷ್ಟು ಸಲೀಸಾಗಿರ್ತಿತ್ತು ಕಣೇ" ಅಂದ.