ಬಿಳಿ ಶಲ್ಯದ ಮೂಲೆಗೊಂದು ಬೊಟ್ಟು

ಬೆಳಗಿನ ಐದೂವರೆ. ಮರಾಠಿ ಸೀಮೆಯ ಗಡಿಯೂರು ಔರಾದ ಶಹಾಜನಿಯ ಸಂತೆ ಬಯಲಿನ ಹಿಂದಿನ ಗಲ್ಲಿಯಲ್ಲಿ ತಗಡಿನ ಮಾಡಿನ ಕೋಣೆಯೊಂದರ ಬಾಗಿಲು ಅರ್ಧ ತೆರೆದಿದೆ. ಒಳಗೆ ಆರು ಹೊಲಿಗೆ ಯಂತ್ರಗಳು ಸದ್ದಿಲ್ಲದೆ ನಿಂತಿವೆ. ಐವತ್ತೆಂಟರ ಶಿವಗಂಗಾಬಾಯಿ ನೆಲದ ಮೇಲೆ ಕಾಲು ಚಾಚಿ ಕುಳಿತು, ಬಿಳಿ ಶಲ್ಯಗಳ ಗಂಟು ಬಿಚ್ಚಿ, ಒಂದೊಂದರ ಮೂಲೆಯನ್ನೂ ಮಗುಚಿ ನೋಡುತ್ತಿದ್ದಾರೆ. ಪ್ರತಿ ಶಲ್ಯದ ಒಂದು ಮೂಲೆಯಲ್ಲಿ ಕಡಲೆಬೇಳೆಯಷ್ಟು ಅಗಲದ ಅರಿಶಿನದ ಬೊಟ್ಟು.

“ಒಣಗ್ಯಾವ ಮಂಗಲಾ. ಒಂದೂ ಹರಡಿಲ್ಲ.”

“ಬೊಟ್ಟು ಒಣಗ್ಯಾವ ಅಕ್ಕಾ, ಖರೆ. ಏಳಕ್ಕ ಆಕಿ ಬಂದು ನೋಡಿದಳಂದ್ರ ನಾವೂ ಒಣಗತೀವಿ,” ಎನ್ನುತ್ತಾರೆ ಮಂಗಲಾ, ಈ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಹೊಲಿಯುತ್ತಿರುವ ಜತೆಗಾತಿ.

ಇಬ್ಬರೂ ನಗುವುದಿಲ್ಲ. ಏಳು ಗಂಟೆಗೆ ಬರುವವಳು ರೂಪಾಲಿ. ಜಿಲ್ಲಾ ಪರಿಷತ್ತಿಗೆ ವಲಾಂಡಿಯಿಂದ ಪಕ್ಷೇತರರಾಗಿ ನಿಂತಿರುವ ಜಗದೇವಪ್ಪ ಶೇಟರ ಪ್ರಚಾರದ ಉಸ್ತುವಾರಿ ಅವಳದು. ಒಂಬತ್ತೂವರೆಗೆ ವಲಾಂಡಿಯಲ್ಲಿ ಮೊದಲ ಸಭೆ. ಸಾವಿರದ ಎಂಟುನೂರು ಶಲ್ಯಗಳು ಅಲ್ಲಿ ಹೆಗಲುಗಳಿಗೆ ಏರಬೇಕು. ಆದೇಶದಲ್ಲಿ ಬರೆದಿದ್ದು ಒಂದೇ ಮಾತು: ಅಚ್ಚಬಿಳಿ ಬಟ್ಟೆ, ಅಂಚಿಲ್ಲ, ಬಣ್ಣವಿಲ್ಲ, ಒಂದು ತುದಿಗೆ ಕಪ್ಪು ದಾರದಲ್ಲಿ ಅಭ್ಯರ್ಥಿಯ ಸಹಿ. ಅರಿಶಿನದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ನಿನ್ನೆ ಮಧ್ಯಾಹ್ನ ಯಾರನ್ನೂ ಕೇಳದೆ ಬೊಟ್ಟು ಇಡಿಸಿದವರು ಶಿವಗಂಗಾಬಾಯಿ.

ಜಗದೇವಪ್ಪನವರು ಉದಗೀರದ ಮೊಂಢಾದಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಮೂವತ್ತು ವರ್ಷ ತಕ್ಕಡಿ ಹಿಡಿದವರು. ಅವರ ಮೇಲೆ ಒಂದು ದೂರಿಲ್ಲ, ಒಂದು ಪ್ರಕರಣವಿಲ್ಲ. ಅದನ್ನೇ ರೂಪಾಲಿ ಘೋಷಣೆಯಾಗಿಸಿದ್ದಾಳೆ. ಗೋಡೆಗಳ ಮೇಲೆ ಮರಾಠಿಯಲ್ಲಿ ‘ಏಕಹೀ ಡಾಗ ನಾಹೀ’, ಕನ್ನಡದಲ್ಲಿ ‘ಒಂದೂ ಕಲೆಯಿಲ್ಲ’. ಭಾಷಣದ ಕೊನೆಗೆ ಶೇಟರು ತಮ್ಮ ಶಲ್ಯ ಬಿಡಿಸಿ ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಇದರಲ್ಲಿ ಒಂದು ಕಲೆ ತೋರಿಸಿ” ಎಂದು ಕೇಳುತ್ತಾರೆ. ಜನ “ನಾಹೀ!” ಎಂದು ಕೂಗಬೇಕು. ಉದಗೀರದ ಸಭಾಂಗಣದಲ್ಲಿ ಐವತ್ತು ಮಾದರಿ ಶಲ್ಯಗಳೊಂದಿಗೆ ಇದನ್ನು ಆಡಿ ನೋಡಿದಾಗ ಚಪ್ಪಾಳೆ ನಿಲ್ಲಲಿಲ್ಲವಂತೆ.

“ಉದಗೀರ ಪ್ಯಾಟಿ ಮಂದಿ ಬ್ಯಾರೆ ರೀ,” ಎನ್ನುತ್ತಾರೆ ಶಿವಗಂಗಾಬಾಯಿ. “ನಮ್ಮ ಹಳ್ಯಾಗ ಹೊಸಾ ಅರಿವಿ ಯಾರಿಗಿ ಕೊಟ್ಟರೂ ಮೂಲಿಗಿ ಅರಿಷಣ ಹಚ್ಚೇ ಕೊಡತೀವಿ. ಹಚ್ಚಲಾರದ ಕೋರಾ ಬಿಳಿ ಅರಿವಿ ಹೊದಸೋದು ಹೆಣಕ್ಕ. ಇರೋರ ಹೆಗಲ ಮ್ಯಾಲ ಹಾಕೋದು ಒಂದ ದಿನಾ. ಅಪ್ಪನ್ನ ಮಣ್ಣಿಗಿ ಇಟ್ಟು ಮೂರನೇ ದಿನಾ, ಮಗನ ಹೆಗಲಿಗಿ.”

ಆ ದಿನವನ್ನು ಅವರು ಕಂಡವರು. ವಲಾಂಡಿ ಅವರ ತವರು, ಅಲ್ಲಿ ಒಕ್ಕಲುತನದ ಮನೆ. ಔರಾದದ ಅರಿವೆ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದರು. ಇಪ್ಪತ್ತೊಂದು ವರ್ಷದ ಹಿಂದೆ ಗಂಡ ಅಂಗಡಿಯ ಗಾದಿಯ ಮೇಲೆಯೇ ಎದೆ ಹಿಡಿದುಕೊಂಡು ಒರಗಿದರು. ಮೂರನೆಯ ದಿನ ವಲಾಂಡಿಯಿಂದ ಅಣ್ಣ ರೇವಣಪ್ಪ ಬಿಳಿ ಶಲ್ಯ ತಂದು ಶಿವಗಂಗಾಬಾಯಿಯ ಒಂಬತ್ತು ವರ್ಷದ ಮಗನ ಹೆಗಲಿಗೆ ಹಾಕಿದರು. ಆ ಹುಡುಗ ಈಗ ನಿಲಂಗಾ ಡಿಪೋದಲ್ಲಿ ಬಸ್ ಕಂಡಕ್ಟರ್. “ಇವತ್ತ ಸಭಾದಾಗ ಮುಂದಿನ ಸಾಲಿನಾಗ ನಮ್ಮಣ್ಣ ಕೂಡತಾನ. ಒಂಬತ್ತು ದಿನಾ ಕಣ್ಣು ಮುಚ್ಚಿ ಹೊಲದೆ. ನಿನ್ನಿ ಗಂಟು ಕಟ್ಟಲಿಕ್ಕ ಕುಂತಾಗ ಕೈ ನಿಂತವು. ಇರೋ ಅಣ್ಣನ ಹೆಗಲಿಗಿ ನನ್ನ ಕೈಲೇ ಅದನ್ನ ಕಳಸಲೇನು?”

ಒಂದು ಸಂಗತಿಯನ್ನು ಅವರು ತಗ್ಗಿದ ದನಿಯಲ್ಲಿ ಸೇರಿಸುತ್ತಾರೆ. ಅರಿಶಿನದ ಬಟ್ಟಲನ್ನು ಅವರು ಮುಟ್ಟಿಲ್ಲ. ಬೊಟ್ಟು ಇಟ್ಟವರೆಲ್ಲ ಮಂಗಲಾ ಮತ್ತು ಉಳಿದ ನಾಲ್ವರು ಮುತ್ತೈದೆಯರು. ಗಂಡ ಹೋದ ಮೇಲೆ ಶಿವಗಂಗಾಬಾಯಿ ಶುಭದ ಅರಿಶಿನಕ್ಕೆ ಕೈ ಹಾಕಿದ್ದಿಲ್ಲ.

ಗಂಡನ ಅಂಗಡಿ ಮುಚ್ಚಿದ ವರ್ಷವೇ ಅವರು ಅದರ ಗೋದಾಮಿನ ಈ ಕೋಣೆಯಲ್ಲಿ ಒಂದು ಯಂತ್ರ ಇಟ್ಟರು. ಮೊದಲು ರವಿಕೆ, ಶಾಲೆಯ ಅಂಗಿ. ಆಮೇಲೆ ಒಂದು ಪಂಚಾಯತಿ ಚುನಾವಣೆಗೆ ಇನ್ನೂರು ಬಾವುಟ. ಅಂದಿನಿಂದ ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಚುನಾವಣೆ ಬಂತೆಂದರೆ ಈ ಗಲ್ಲಿಗೆ ಜೀಪು ಬರುತ್ತದೆ. ಮುಖ ಅಚ್ಚು ಹಾಕಿದ ಅಂಗಿ, ಚಿಹ್ನೆಯ ಟೊಪ್ಪಿಗೆ, ಹೆಂಗಸರಿಗೆ ಹಂಚುವ ಕೈಚೀಲ, ಬೈಕಿನ ಸೀಟಿಗೆ ಹೊದಿಸುವ ಬಟ್ಟೆ. ಯೆಣೆಗೂರಿನ ಢಾಬಾಗಳಲ್ಲಿ ಊಟಕ್ಕೆ ಕುಳಿತ ಕಾರ್ಯಕರ್ತರ ಹೆಗಲು ನೋಡಿದರೆ, ಯಾವ ಹೊಲಿಗೆ ತಮ್ಮದು, ಯಾವುದು ಲಾತೂರಿನ ದೊಡ್ಡ ಕಾರ್ಖಾನೆಯದು ಎಂದು ಅವರು ಬಸ್ಸಿನ ಕಿಟಕಿಯಿಂದಲೇ ಹೇಳಬಲ್ಲರು.

ನಾಯಕರು ಹೇಗೆ ತಯಾರಾಗುತ್ತಾರೆ ಎಂಬುದನ್ನು ಒಳಮಗ್ಗುಲಿನಿಂದ ಕಂಡವರು ಇವರು. “ಒಬ್ಬಂವ ಬಂದ. ಹೊಸಾ ಅಂಗಿ. ಮೊಳಕೈಗಿ ತ್ಯಾಪಿ ಹಚ್ಚು ಅಂದ, ಬಡವರ ಮಗ ಅಂತ ಭಾಷಣ ಮಾಡಬೇಕಂತ. ಎರಡೂ ಕೈಗಿ ಹಚ್ಚಲೇನು ಅಂದೆ. ಬ್ಯಾಡ ಬ್ಯಾಡ, ಎರಡು ಹಚ್ಚಿದ್ರ ಭಿಕಾರಿ ಕಾಣತೀನಿ ಅಂದ!” ಮಂಗಲಾ ಬಾಯಿಗೆ ಸೆರಗು ಒತ್ತುತ್ತಾರೆ. “ಗೆದ್ದನಾ ಅಂತ ಕೇಳಬ್ಯಾಡ್ರಿ. ನಾ ತ್ಯಾಪಿ ಮಾತ್ರ ಗಟ್ಟಿ ಹಚ್ಚಿದ್ದೆ.”

ಜಗದೇವಪ್ಪನವರ ಸಹಿಯೂ ಸುಲಭಕ್ಕೆ ಸಿಕ್ಕಿದ್ದಲ್ಲ. ಶೇಟರು ಕಾಗದದ ಮೇಲೆ ಎರಡು ಸಲ ಸಹಿ ಹಾಕಿದರು, ಎರಡೂ ಬೇರೆ ಬೇರೆಯಾಗಿದ್ದವು. ಯಾವುದು ನಿಮ್ಮದು ಎಂದರೆ ಅವರಿಗೇ ಗೊಂದಲ. ಕೊನೆಗೆ ಶಿವಗಂಗಾಬಾಯಿಯೇ ಒಂದನ್ನು ಆರಿಸಿ, ಕಾಗದದ ಮೇಲೆ ಅದರ ಗೆರೆಗುಂಟ ಸೂಜಿಯಿಂದ ತೂತು ಹೊಡೆದು, ಮೇಲೆ ನೀಲಿಪುಡಿ ಸವರಿ ಬಟ್ಟೆಗೆ ಇಳಿಸಿದರು. ಒಬ್ಬೊಬ್ಬರು ದಿನಕ್ಕೆ ಮೂವತ್ತೈದು ಶಲ್ಯ, ಒಂಬತ್ತು ದಿನ. ಈಗ ಶೇಟರಿಗಿಂತ ಚೆನ್ನಾಗಿ ಅವರ ಸಹಿ ಹಾಕಬಲ್ಲ ಆರು ಹೆಂಗಸರು ಔರಾದದಲ್ಲಿದ್ದಾರೆ.

ಏಳಕ್ಕೆ ಹತ್ತು ನಿಮಿಷ ಇರುವಾಗಲೇ ಜೀಪು ಬರುತ್ತದೆ. ರೂಪಾಲಿ ಉದಗೀರದವಳು, ಪುಣೆಯಲ್ಲಿ ಓದಿದವಳು, ಮೂವತ್ತರ ಆಸುಪಾಸಿನ ಚುರುಕು ಹೆಂಗಸು. ಮೇಲಿನ ಶಲ್ಯ ಎತ್ತುತ್ತಲೇ ಅವಳ ಕೈ ಮೂಲೆಯಲ್ಲಿ ನಿಲ್ಲುತ್ತದೆ.

“ಮಾವಶಿ, ಹೇ ಕಾಯ್? ಇದೇನ್ರಿ ಚಿಗವ್ವಾ ಇದು?”

“ಅರಿಷಣ ನೋಡವ್ವ.”

“ಎಲ್ಲಾಕ್ಕೂ?”

“ಎಲ್ಲಾಕ್ಕೂ.”

“ಮಾವಶಿ, ಘೋಷಣಾನೇ ಒಂದೂ ಕಲೆಯಿಲ್ಲ ಅಂತದ! ನೀವು ಸಾವಿರದ ಎಂಟುನೂರು ಕಲೆ ಮಾಡಿ ಇಟ್ಟೀರಿ! ವಿರೋಧಿ ಪಾರ್ಟಿಯವರು ಒಂದ ಫೋಟೋ ತಗದು ಹಾಕಿದ್ರ ಮುಗೀತು.”

“ಅದು ಕಲೆ ಅಲ್ಲವ್ವ...”

“ಕ್ಯಾಮೆರಾಕ್ಕ ಗೊತ್ತಾಗತದೇನು?”

ಅವಳು ಒಂದು ಶಲ್ಯವನ್ನು ನಳದ ಕೆಳಗೆ ಹಿಡಿದು ಸಾಬೂನು ಉಜ್ಜುತ್ತಾಳೆ. ಬೇಡವೆಂದು ಮಂಗಲಾ ಅನ್ನುವಷ್ಟರಲ್ಲಿ ಹಳದಿ ಬೊಟ್ಟು ಕೆಂಪಾಗುತ್ತದೆ, ಗಾಯಕ್ಕೆ ಒತ್ತಿದ ಬಟ್ಟೆಯ ಹಾಗೆ. ಸಾಬೂನು ತಗುಲಿದರೆ ಅರಿಶಿನ ಕೆಂಪಾಗುತ್ತದೆಂದು ಒಲೆಯ ಮುಂದೆ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರೂಪಾಲಿ ಅದನ್ನು ಬಕೆಟ್ಟಿಗೆ ಎಸೆಯುತ್ತಾಳೆ. ಅನಂತರ ಅವಳ ತೀರ್ಪು ಚುಟುಕಾಗಿ ಬರುತ್ತದೆ. ಉದಗೀರದಿಂದ ಮರಳಿದ ಐವತ್ತು ಮಾದರಿ ಶಲ್ಯಗಳಿಗೆ ಬೊಟ್ಟಿಲ್ಲ. ಅವು ಮುಂದಿನ ಸಾಲಿನ ಹಿರಿಯರಿಗೆ ಮತ್ತು ಶೇಟರಿಗೆ, ಕ್ಯಾಮೆರಾ ಇರುವುದು ಅಲ್ಲೇ. ಬೊಟ್ಟಿನವು ಹಿಂದಿನವರಿಗೆ.

“ಮತ್ತ ಮಾವಶಿ, ನೀವು ಜೀಪಿನಾಗ ಬರ್ರಿ. ಯಾರರ ಕೇಳಿದ್ರ ಉತ್ತರ ನೀವೇ ಕೊಡ್ರಿ. ಇವತ್ತ ಏನರ ಗಡಬಡ ಆತಂದ್ರ ನಿಲಂಗಾದ್ದು, ಉಮರ್ಗಾದ್ದು, ಎರಡೂ ಆರ್ಡರ್ ಲಾತೂರಿಗಿ ಹೋಗತಾವ.”

ರೂಪಾಲಿಯೇ ನೋಡಿಕೊಳ್ಳುವ ಬೇರೆ ಅಭ್ಯರ್ಥಿಗಳ ಆ ಎರಡು ಆದೇಶಗಳೇ ಮತದಾನದವರೆಗೆ ಈ ಕೋಣೆಯ ಆರು ಯಂತ್ರಗಳಿಗೆ ಇರುವ ಕೆಲಸ. ಅವು ತಪ್ಪಿದರೆ ಮುಂದಿನ ಹಂಗಾಮಿನಲ್ಲೂ ಜೀಪು ಈ ಗಲ್ಲಿಗೆ ತಿರುಗುವುದಿಲ್ಲ. ಹಾಗಾಗಿ ಶಿವಗಂಗಾಬಾಯಿ ಚಪ್ಪಲಿ ಮೆಟ್ಟುತ್ತಾರೆ. ಮಂಗಲಾ ಓಡಿ ಬಂದು ಉಳಿದ ಅರಿಶಿನದ ಪೊಟ್ಟಣವನ್ನು ಅವರ ಚೀಲಕ್ಕೆ ತುರುಕುತ್ತಾರೆ. “ಇರಲಿ ಅಕ್ಕಾ.”

ವಲಾಂಡಿಯ ಬಯಲಿನಲ್ಲಿ ಪೆಂಡಾಲು ತುಂಬಿದೆ. ಹಿಂದಿನ ಸಾಲುಗಳಲ್ಲಿ ಶಲ್ಯ ಕೈಗೆ ಬಂದವರು ಮೊದಲು ಮೂಲೆ ಹುಡುಕುತ್ತಾರೆ, ಹಳದಿ ಕಂಡೊಡನೆ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮುಂದಿನ ಸಾಲಿನ ಹದಿನೇಳು ಹಿರಿಯರು ಸಹ ಮೂಲೆ ತಡಕುತ್ತಾರೆ. ಒಂದು ಮೂಲೆ, ಎರಡನೆಯದು, ನಾಲ್ಕೂ. ಆಮೇಲೆ ಒಬ್ಬೊಬ್ಬರಾಗಿ, ಯಾರಿಗೂ ಅವಮಾನವಾಗದ ಹಾಗೆ, ಶಲ್ಯವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಕ್ಯಾಮೆರಾದ ಕಣ್ಣಿಗೆ ಬೀಳುವ ಸಾಲೊಂದೇ ಶಲ್ಯವಿಲ್ಲದ ಸಾಲು. ವೇದಿಕೆಯ ಪಕ್ಕದಲ್ಲಿ ನಿಂತ ರೂಪಾಲಿ ಹೊದ್ದುಕೊಳ್ಳುವಂತೆ ಸನ್ನೆ ಮಾಡುತ್ತಲೇ ಇದ್ದಾಳೆ, ಯಾರೂ ಅತ್ತ ನೋಡುವುದಿಲ್ಲ.

ಶೇಟರು ಭಾಷಣದ ತುದಿಗೆ ಬರುತ್ತಾರೆ. ಶಲ್ಯ ಬಿಡಿಸಿ ಎತ್ತಿ ಹಿಡಿಯುತ್ತಾರೆ. “ಬಾಂಧವರೇ, ಇದರಾಗ ಒಂದ ಕಲೆ ಅದೇನು? ತೋರಸ್ರಿ!”

ಜನರ ಕಣ್ಣು ಮುಂದಿನ ಸಾಲಿನ ಬರಿ ಹೆಗಲುಗಳ ಮೇಲಿದೆ. ಧ್ವನಿವರ್ಧಕದ ಗುಂಯ್‌ಗುಡುವಿಕೆಯೊಂದೇ ಕೇಳುತ್ತದೆ. ಶೇಟರು ಮತ್ತೊಮ್ಮೆ ಕೇಳುತ್ತಾರೆ, ಈ ಸಲ ದನಿ ಸ್ವಲ್ಪ ಇಳಿದಿದೆ. ಪೆಂಡಾಲಿನ ಕಂಬಕ್ಕೆ ಒರಗಿ ನಿಂತ ಶಿವಗಂಗಾಬಾಯಿ ಚೀಲದ ಬಾಯಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾರೆ.

ಮುಂದಿನ ಸಾಲಿನಲ್ಲಿ ರೇವಣಪ್ಪ ಮೊಣಕಾಲಿಗೆ ಕೈಯೂರಿ ಏಳುತ್ತಾರೆ.

“ಶೇಟಜಿ, ಕಲೆ ಇಲ್ಲ. ಅದೇ ನಮಗ ಅಂಜಿಕಿ.”

ಯಾರೋ ನಕ್ಕು ಸುಮ್ಮನಾಗುತ್ತಾರೆ.

“ನಿಮ್ಮ ಮ್ಯಾಲ ಸಿಟ್ಟಿಲ್ಲ ನಮಗ. ಆದ್ರ ಕೋರಾ ಬಿಳಿ ಅರಿವಿ ಯಾವಾಗ ಹೊದಸತಾರ, ನಿಮ್ಮ ಮನ್ಯಾಗೂ ಗೊತ್ತದ. ಹಿಂದಿನವರಿಗಿ ಅರಿಷಣ ಅದ. ನಾವೇನು ಹೋಗೋ ಮಂದಿ ಅಂತ ಮುಂದ ಕುಂದ್ರಿಸೀರೇನು?”

ಈಗ ಬಯಲಿಗೆ ಬಯಲೇ ನಗುತ್ತದೆ. ಜಗದೇವಪ್ಪನವರು ಕೈಯಲ್ಲಿದ್ದ ಬಟ್ಟೆಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಾರೆ. ಅವರೂ ಇದೇ ಸೀಮೆಯ ಶಿವಭಕ್ತರ ಮನೆಯವರು. ಕಳೆದ ವರ್ಷ ತಂದೆ ತೀರಿಕೊಂಡಾಗ ಅವರ ಹೆಗಲಿಗೂ ಇಂಥದ್ದೇ ಬಿದ್ದಿತ್ತು. ಘೋಷಣೆಯ ಗದ್ದಲದಲ್ಲಿ ಅದು ಮರೆತಿತ್ತು. ರೂಪಾಲಿ ಶಿವಗಂಗಾಬಾಯಿಯತ್ತ ತಿರುಗುತ್ತಾಳೆ. ಬೆಳಗಿನ ಬಿರುಸು ಈಗ ಆ ಮುಖದಲ್ಲಿಲ್ಲ.

“ಮಾವಶಿ, ಅರಿಷಣ ಅದ?”

ಅರಿಶಿನ ಇದೆ. ಹಚ್ಚುವ ಕೈ ಮಾತ್ರ ಇಲ್ಲ, ಏಕೆಂದರೆ ಮಂಗಲಾ ಔರಾದದಲ್ಲಿದ್ದಾರೆ. ಶಿವಗಂಗಾಬಾಯಿ ಅಂಗೈಯಲ್ಲಿ ಪುಡಿ ಸುರಿದು, ಬಾಟಲಿಯ ನೀರು ಹನಿಸಿ, ಕಲೆಸಿ, ಅಣ್ಣನ ಮುಂದೆ ಹೋಗಿ ನಿಂತುಬಿಡುತ್ತಾರೆ. ಬೆರಳು ಮುಂದೆ ಹೋಗುವುದಿಲ್ಲ. ಊರಿಗೆ ಊರೇ ನೋಡುತ್ತಿದೆ.

“ಯಾರರ ಮುತ್ತೈದಿನ ಕರೀರಿ ಅಣ್ಣಾ.”

ರೇವಣಪ್ಪ ಮಡಿಕೆ ಬಿಚ್ಚಿ ಮೂಲೆಯನ್ನು ಅವರ ಕೈಗೆ ಹಿಡಿಸುತ್ತಾರೆ. “ಹೊಲಿಯೋ ಮುಂದ ಈ ಕೈ ನಡೀತು, ಹಚ್ಚಲಿಕ್ಕ ನಡೆಂಗಿಲ್ಲೇನು? ಹಚ್ಚವ್ವ. ಕುಂತು ಕುಂತು ಸಾಕಾಗ್ಯಾದ.”

ಅವರು ಹಚ್ಚುತ್ತಾರೆ. ಮೊದಲು ಅಣ್ಣನಿಗೆ, ಆಮೇಲೆ ಸಾಲಿನ ಹದಿನಾರು ಮಂದಿಗೆ. ಬೇಡವೆಂದು ಕೈ ಹಿಂತೆಗೆದವರು ಒಬ್ಬರೂ ಇಲ್ಲ. ಹದಿನೇಳು ಹೆಗಲುಗಳು ಬಿಳಿಯಾಗುತ್ತವೆ. ಕಡೆಗೆ ಜಗದೇವಪ್ಪನವರೇ ಮೆಟ್ಟಿಲಿಳಿದು ಬಂದು ತಮ್ಮ ಶಲ್ಯದ ಮೂಲೆ ಚಾಚುತ್ತಾರೆ. “ನಂದೊಂದು ಉಳದದ ಅಕ್ಕಾ.” ಮರಳಿ ವೇದಿಕೆ ಹತ್ತಿದವರು ಕಲೆಯ ಪ್ರಶ್ನೆ ಮತ್ತೆ ಎತ್ತುವುದಿಲ್ಲ. ಬಸ್ಸಿನ ಬಗ್ಗೆ, ಸೇತುವೆಯ ಬಗ್ಗೆ ನಾಲ್ಕು ಮಾತಾಡಿ ಕೈಮುಗಿದು ಇಳಿಯುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಒಂದು ಚಿತ್ರ ಗಡಿಯ ಊರುಗಳ ಮೊಬೈಲುಗಳಲ್ಲೆಲ್ಲ ಓಡಾಡುತ್ತಿದೆ. ಅಭ್ಯರ್ಥಿಯ ಬಾಗಿದ ತಲೆ, ಬಿಳಿ ಬಟ್ಟೆ, ಹಳದಿ ಬೆರಳು. ಕೆಳಗೆ ಹೊಸ ಘೋಷಣೆ: ‘ಅಕ್ಕಂದಿರ ಅರಿಶಿನ, ನಮಗೆ ಆಶೀರ್ವಾದ’. ರೂಪಾಲಿ ಕೆಲಸ ಬಲ್ಲವಳು. ಚಿತ್ರದಲ್ಲಿ ಶಿವಗಂಗಾಬಾಯಿಯ ಕೈ ಮಣಿಕಟ್ಟಿನವರೆಗೆ ಮಾತ್ರ ಇದೆ. ಅವರ ಮುಖವಾಗಲಿ ಹೆಸರಾಗಲಿ ಎಲ್ಲಿಯೂ ಇಲ್ಲ.

“ಅಕ್ಕಾ, ನಿನ್ನ ಕತ್ತರಿಸಿ ಒಗದಾಳ ನೋಡು!” ಔರಾದದ ಕೋಣೆಯಲ್ಲಿ ಮಂಗಲಾ ಕೆಂಡವಾಗಿದ್ದಾರೆ.

“ಕೈ ಬಂದದಲ್ಲ, ಅದ ಸಾಕು. ಇಪ್ಪತ್ತೊಂದು ವರ್ಷ ಆ ಕೈ ಬ್ಯಾಡಾಗಿತ್ತು.”

ನಿಲಂಗಾದ ಆದೇಶ ಸಂಜೆಯೊಳಗೆ ಬಂದಿದೆ, ಉಮರ್ಗಾದ್ದೂ. ಎರಡರ ಕೊನೆಯಲ್ಲೂ ಹೊಸ ಸಾಲು: ಮೂಲೆಗೆ ಅರಿಶಿನ ಕಡ್ಡಾಯ. ಯಂತ್ರಗಳು ಮತ್ತೆ ಸದ್ದು ಮಾಡುತ್ತಿವೆ, ಅರಿಶಿನದ ಬಟ್ಟಲು ಈಗ ಶಿವಗಂಗಾಬಾಯಿಯ ಯಂತ್ರದ ಪಕ್ಕದಲ್ಲೇ ಇದೆ. ಜಗದೇವಪ್ಪನವರು ಗೆಲ್ಲುತ್ತಾರೋ ಇಲ್ಲವೋ ಈ ಕೋಣೆಯಲ್ಲಿ ಯಾರೂ ಪಣ ಕಟ್ಟುವುದಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಶಿವಗಂಗಾಬಾಯಿ ದಾರವನ್ನು ಹಲ್ಲಿನಿಂದ ಕಡಿದು, ಯೋಚಿಸಿ ಹೇಳುತ್ತಾರೆ: “ಅರಿವಿಗಿ ಕತ್ತರಿ ಹಾಕೋಕಿಂತ ಮೊದಲ ನಮ್ಮನ್ನ ಒಂದ ಮಾತು ಕೇಳಬೇಕು ರೀ. ಹೊದಿಯೋ ಮಂದಿ ಯಾರು ಅಂತ ನಮಗ ಗೊತ್ತಿರತದ. ಅಷ್ಟ.”

ಹಂಚದೆ ಉಳಿದ ಬೊಟ್ಟಿಲ್ಲದ ಮೂವತ್ತೆರಡು ಮಾದರಿ ಶಲ್ಯಗಳನ್ನು ರೂಪಾಲಿ ವಾಪಸು ಕಳಿಸಿದ್ದಾಳೆ. ಇವನ್ನೇನು ಮಾಡುವುದು ಎಂದು ಮಂಗಲಾ ಕೇಳುತ್ತಾರೆ.

“ಮೂವತ್ತೊಂದು ಮಷೀನು ಒರಸಲಿಕ್ಕ ಇಡು. ಒಂದು ಟ್ರಂಕಿನಾಗ ಹಾಕು. ನನ್ನ ದಿನಾ ಬಂದಾಗ ಹೊದಸಲಿಕ್ಕ ಆಗತದ.” ಶಿವಗಂಗಾಬಾಯಿ ಒಂದು ಕ್ಷಣ ಯಂತ್ರ ನಿಲ್ಲಿಸಿ, ಸಣ್ಣ ಕತ್ತರಿ ಎತ್ತಿ ಅವರಿಗೆ ಕೊಡುತ್ತಾರೆ. “ಮೊದಲ ಆ ಸಹಿ ಬಿಚ್ಚು. ಅಂವನ ಹೆಸರು ಹೊತ್ಕೊಂಡು ನಾ ಯಾಕ ಹೋಗಲಿ?”