ಜಪ್ತಿಯಾದ ಪೆಟ್ಟಿಗೆಯ ಕೂಗು

ಮಟಮಟ ಮಧ್ಯಾಹ್ನ. ಕಲಾದಗಿಗೆ ವಾರದಿಂದ ಹನಿ ಮಳೆಯಿಲ್ಲ. ಊಟಕ್ಕೆ ಕುಳಿತಿದ್ದ ಅಬ್ದುಲಸಾಬರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಗೂಡಿನಲ್ಲಿದ್ದ ರೇಡಿಯೊ ಹಸುಗೂಸಿನಂತೆ ನರಳುತ್ತಿತ್ತು.

“ಏನ್ರಿ, ಆ ಪೆಟಗಿ ಕಚೇರಿಯವ್ರು ಒಯ್ದಾರಲ್ಲ?” ಹೆಂಡತಿ ಕಾಸಿಂಬಿ ಗೂಡಿನತ್ತ ತಿರುಗಿದಳು.

ಒಯ್ದಿದ್ದರು. ಐವತ್ತು ವರ್ಷದ ಹಿಂದೆ, ಗುಜರಿಯ ಹಳೆ ರೇಡಿಯೊ ವಾಲ್ವುಗಳನ್ನು ಬೆಸೆದು ಈ ಸೀಮೆಯಲ್ಲಿ ಮೊದಲು ವೈರ್‌ಲೆಸ್ ಕಟ್ಟಿದವರು ಅಬ್ದುಲಸಾಬರು. ಯಾವ ಕಾಲೇಜಿನ ಹಂಗೂ ಇಲ್ಲದೆ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು. ಹೊಳೆ ಓಣಿಯ ನಲವತ್ತು ಮನೆಗಳಿಗಾಗಿ ಸೇತುವೆಯಡಿ ಒಂದು ಪೆಟ್ಟಿಗೆ ಕಟ್ಟಿದ್ದರು. ಅದರ ತಂತಿಗೆ ನೀರು ತಾಗಿದರೆ ಮನೆಯ ರೇಡಿಯೊ ಕೂಗುತ್ತದೆ. ನೀರು ಏರಿದಷ್ಟೂ ಕೂಗು ಚೂಪಾಗುತ್ತದೆ. ಎಂಟು ದಿನದ ಹಿಂದೆ ಊರಿನ ಸರ್ಕಾರಿ ಕಚೇರಿಯವರು ಬಂದು, ಸೇತುವೆಗೆ ಕಟ್ಟಲು ಪರವಾನಗಿ ಎಲ್ಲಿ ಎಂದು ಅದನ್ನು ಕಿತ್ತೊಯ್ದರು. ಅರಗಿನ ಮುದ್ರೆ ಒತ್ತಿ ಕಚೇರಿಯ ಕೆಳಗಿನ ಕೋಣೆಯಲ್ಲಿ ಒಗೆದರು. ಮುದ್ರೆ ಒಡೆಯಬಾರದೆಂಬ ನಿಯಮಕ್ಕೆ ಹೆದರಿ ಒಳಗಿನ ಸ್ವಿಚ್ಚನ್ನು ಯಾರೂ ಆರಿಸಲಿಲ್ಲ. ನಿಯಮಕ್ಕೆ ಹೆದರುವವರು ಹೊಳೆಗೆ ಹೆದರಲಿಲ್ಲ!

ಇಂದು ರಜೆ, ಕೋಣೆಗೆ ಬೀಗ. ಒಳಗೆ ಯಾರೂ ಇಲ್ಲ. ಆದರೂ ಕೂಗು ಚೂಪಾಗುತ್ತಿದೆ.

ಅಬ್ದುಲಸಾಬರು ರೇಡಿಯೊ ಎದೆಗವಚಿಕೊಂಡು ಓಣಿಗೆ ಓಡಿದರು. ಕಟ್ಟೆಯ ಮೇಲಿದ್ದ ನಾಗಲಿಂಗ ನಕ್ಕ. “ಕೀಲಿ ಹಾಕಿದ ಕೋಣ್ಯಾಗ ಪೆಟಗಿ ಅಳ್ತದಂತ ಮನಿ ಬಿಡೂಣೇನ ಕಾಕಾ? ಹೊಳಿ ಇನ್ನೂ ದಂಡಿ ಕೆಳಗೈತಿ. ಅದಕ್ಕ ದೆವ್ವ ಹೊಕ್ಕೈತಿ ತಗೋ!”

“ದೆವ್ವಲ್ಲೋ, ನೀರು ಹೊಕ್ಕೈತಿ. ಆ ಕೋಣಿ ಹಿಂದಿನ ಗಟಾರನ ನಮ್ಮ ಓಣಿಗೂ ಬರತೈತಿ. ಬಾ ಇಲ್ಲಿ, ನೋಡು.”

ನಾಗಲಿಂಗ ಬಗ್ಗಿ ನೋಡಿದ. ಹೊಳೆಗೆ ಹರಿಯಬೇಕಾದ ಗಟಾರದಲ್ಲಿ ಚಿಕ್ಕು ಎಲೆಗಳು ಸದ್ದಿಲ್ಲದೆ ಊರ ಕಡೆಗೆ ತೇಲಿ ಬರುತ್ತಿದ್ದವು. ಎಲ್ಲೋ ಘಟ್ಟದ ಮೇಲೆ ಸುರಿದ ಮಳೆ, ಬಿಸಿಲಲ್ಲಿ ಹಿಂದಿನ ಬಾಗಿಲಿನಿಂದ ಬಂದಿತ್ತು. ಅವನ ನಗು ಆರಿತು.

“ಯಪ್ಪಾ… ಏ, ಹುಡುಗ್ರನ್ನ ಎತ್ಗೊಳ್ರಿ! ಸಾಲಿಗೆ ನಡೀರಿ!”

ಸಂಜೆಗೆ ನಲವತ್ತು ಮನೆಗಳ ಹೊಸ್ತಿಲು ಮುಳುಗಿತ್ತು. ಶಾಲೆಯ ದಿಬ್ಬದ ಮೇಲೆ ತಲೆ ಎಣಿಸಿದರು, ಯಾರೂ ಕಡಿಮೆಯಿರಲಿಲ್ಲ. ಅಬ್ದುಲಸಾಬರ ತೊಡೆಯ ಮೇಲೆ ರೇಡಿಯೊ ಒಮ್ಮೆ ಕಿವಿ ಸೀಳುವಂತೆ ಚೀರಿ, ತಟ್ಟನೆ ನಿಂತಿತು. ಪೆಟ್ಟಿಗೆ ಮುಳುಗಿತ್ತು.

ನೀರಿಳಿದ ನಾಲ್ಕನೇ ದಿನ ಕಚೇರಿಯಿಂದ ನೋಟಿಸು ಬಂತು: ಜಪ್ತಿಯಾದ ಪೆಟ್ಟಿಗೆ ಯಾರ ಅಪ್ಪಣೆಯಿಂದ ಕೂಗಿತು?