ಮೂರನೆಯ ಚರಣ ಎಲ್ಲಿ ಹೋಯಿತು

ನಮ್ಮ ಕ್ರೈಸ್ತ ಸಭೆಯ ಆಡಳಿತ ಸಮಿತಿಯವರು ನನ್ನ ಅಪ್ಪನ ಕೈಬರಹದ ಹಾಡಿನ ಪುಸ್ತಕವನ್ನು ರದ್ದಿಗೆ ಹಾಕಿದರು. ಹಾಕುವ ಮುನ್ನ ಯಾರನ್ನೂ ಕೇಳಲಿಲ್ಲ, ಹಾಕಿದ ಮೇಲೆ ಯಾರಿಗೂ ಹೇಳಲಿಲ್ಲ. ಪುಸ್ತಕದ ಜೊತೆಗೆ ಒಂದು ಚರಣದ ಧಾಟಿಯೂ ಹೋಯಿತು. ಆ ಧಾಟಿ ಇಲ್ಲದ ಕಾರಣ ಕಳೆದ ಕ್ರಿಸ್ಮಸ್ಸಿನಲ್ಲಿ ನನ್ನ ಅವ್ವನ ಬಾಗಿಲಿಗೆ ನಕ್ಷತ್ರ ಏರಲಿಲ್ಲ. ಇದನ್ನು ಅಚಾತುರ್ಯ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಅಚಾತುರ್ಯವೆಂದರೆ ಕೈತಪ್ಪಿ ಬಿದ್ದದ್ದು. ಇದು ಠರಾವು ಬರೆದು, ಸಹಿ ಹಾಕಿ, ಟೆಂಪೊ ತರಿಸಿ ಸಾಗಿಸಿದ್ದು.

ನಮ್ಮ ಪದ್ಧತಿಯನ್ನು ತಿಳಿಯದವರಿಗೆ ಇದು ಅತಿಯಾದ ಮಾತೆನಿಸಬಹುದು. ಆದ್ದರಿಂದ ಮೊದಲು ಪದ್ಧತಿಯನ್ನೇ ಹೇಳುತ್ತೇನೆ.

ಡಿಸೆಂಬರ್ ಎರಡನೆಯ ವಾರದಿಂದ ನಮ್ಮ ಗಾಯನ ತಂಡ ಸಂಜೆ ಹೊತ್ತು ಸಭೆಯ ಪ್ರತಿಯೊಂದು ಮನೆಗೂ ಬಂದು ಹಾಡುತ್ತದೆ. ಹಳೇ ಹುಬ್ಬಳ್ಳಿಯ ಓಣಿಗಳಿಂದ ಆರಂಭಿಸಿ, ಗೋಕುಲ ರಸ್ತೆಯ ಒಳಗಿರುವ ನಮ್ಮ ಮನೆಯವರೆಗೆ ಬರುವಷ್ಟರಲ್ಲಿ ಹಾಡುವವರ ಗಂಟಲು ಅರ್ಧ ಕಟ್ಟಿರುತ್ತಿತ್ತು. ಬೇರೆ ಹಾಡುಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದ್ದವು. ಒಂದು ಮಾತ್ರ ಪ್ರತಿ ಮನೆಯಲ್ಲೂ ಇರಲೇಬೇಕು. ಅದನ್ನು ಕಟ್ಟಿದವರು ನಮ್ಮ ಸೀಮೆಯ ಯಾರೋ ಒಬ್ಬ ಕನ್ನಡ ಸಾಲಿ ಮಾಸ್ತರರು. ಹೆಸರು ಯಾರಿಗೂ ನೆನಪಿಲ್ಲ. ಅದರಲ್ಲಿ ಕೂಸು ಮಲಗುವುದು ದನಕ್ಕೆ ಮೇವು ಹಾಕುವ ಗ್ವಾದಲಿಯಲ್ಲಿ, ಹೊದೆಯುವುದು ಕರಿ ಕಂಬಳಿ. ಕೂಸಿಗೆ ಎಚ್ಚರವಾದೀತೆಂದು ಎತ್ತುಗಳು ಮೆಲುಕು ಹಾಕುವುದನ್ನು ನಿಲ್ಲಿಸುತ್ತವೆ. ಕ್ರಿಸ್ಮಸ್ಸಿನ ಹಾಡುಗಳಲ್ಲಿ ನಿನಗೆ ಮೆಚ್ಚಿನದು ಯಾವುದು ಎಂದು ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತಿದ್ದೆ. ಆ ಎತ್ತುಗಳಿಗಾಗಿ.

ಹಾಡಿಗೆ ನಾಲ್ಕು ಚರಣಗಳು. ಒಂದು, ಎರಡು, ನಾಲ್ಕು ಎಲ್ಲರಿಗೂ ಬರುತ್ತವೆ. ಮೂರನೆಯದರ ಧಾಟಿ ಬೇರೆ, ಮತ್ತು ಅದನ್ನು ಆ ವರ್ಷ ಸಾವಾದ ಮನೆಯಲ್ಲಿ ಮಾತ್ರ ಹಾಡುತ್ತಾರೆ. ಅದರಲ್ಲಿ ಕುರುಬರೆಲ್ಲ ಕೂಸನ್ನು ನೋಡಿ ಹೊರಟ ಮೇಲೆ ಒಬ್ಬನು ಬಾಗಿಲಲ್ಲೇ ನಿಲ್ಲುತ್ತಾನೆ. ಆ ವರ್ಷ ಅವನ ಮಗ ತೀರಿಕೊಂಡಿರುತ್ತಾನೆ. ಕೂಸಿನ ತಾಯಿ ಅವನನ್ನು ಒಳಗೆ ಕರೆದು, ಕೂಸನ್ನು ಅವನ ತೋಳಿಗೆ ಕೊಡುತ್ತಾಳೆ. ಈ ಚರಣಕ್ಕೆ ಬಂದಾಗ ಹಾರ್ಮೋನಿಯಮ್ಮನ್ನು, ನಮ್ಮ ಮಾತಿನಲ್ಲಿ ಪೇಟಿಯನ್ನು, ಮುಚ್ಚಿಬಿಡುತ್ತಾರೆ. ಬರಿಯ ದನಿಗಳು, ನಾಲ್ಕು ದನಿಗಳು ಕೂಡಿ ಹಾಡುತ್ತವೆ. ಮುಗಿದ ಮೇಲೆ ತಂಡದವರೇ ಆ ಮನೆಯ ಕಾಗದದ ನಕ್ಷತ್ರವನ್ನು ಬಾಗಿಲಿಗೆ ಕಟ್ಟಿ ದೀಪ ಹಚ್ಚುತ್ತಾರೆ. ಅಲ್ಲಿಯವರೆಗೆ ಸಾವಿನ ಮನೆಯವರು ನಕ್ಷತ್ರ ಕಟ್ಟುವಂತಿಲ್ಲ. ಇದು ಯಾವ ನಿಯಮಾವಳಿಯಲ್ಲೂ ಇಲ್ಲ. ಆದರೆ ಇದನ್ನು ಮೀರಿದ ಮನೆಯೊಂದನ್ನು ನಾನು ಕಂಡಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮೂರನೆಯ ಚರಣವನ್ನು ಯಾರೂ ಬಾಯಿಪಾಠ ಮಾಡಬಾರದು. ಬಾಯಿಗೆ ಬಂದ ಹಾಡು ಬೇಡವಾದಲ್ಲಿಯೂ ಬಂದುಬಿಡುತ್ತದೆ. ಮದುವೆ ಮನೆಯಲ್ಲಿ, ಬಾಣಂತಿಯ ಕೋಣೆಯಲ್ಲಿ ಯಾರಾದರೂ ಗುನುಗಿಯಾರು ಎಂಬುದು ಹಿರಿಯರ ಅಂಜಿಕೆ. ಆದ್ದರಿಂದ ಅದನ್ನು ಪುಸ್ತಕ ನೋಡಿಯೇ ಹಾಡಬೇಕು. ಪುಸ್ತಕದಲ್ಲಿ ಮಾತಿನ ಪ್ರತಿ ಸಾಲಿನ ಮೇಲೆ ನಾಲ್ಕು ಸ್ವರದ ಸಾಲುಗಳು ಇರುತ್ತಿದ್ದವು, ಒಂದೊಂದು ದನಿಗೆ ಒಂದೊಂದು: ಅಕ್ಷರ, ಚುಕ್ಕೆ, ಗೆರೆ. ನಮ್ಮ ಸಭೆಗಳಲ್ಲಿ ಅದಕ್ಕೆ ಸೋಲ್ಫಾ ಎನ್ನುತ್ತಾರೆ.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಹಳೆಯ ಪುಸ್ತಕಕ್ಕೆ ಗೆದ್ದಲು ಹಿಡಿದಾಗ ಅದನ್ನು ಹೊಸದಾಗಿ ನಕಲು ಮಾಡಿದವರು ಅವರೇ. ಸ್ಕೇಲ್ ಇಟ್ಟು ಗೆರೆ ಹೊಡೆದು, ಸ್ವರಗಳನ್ನು ಕೆಂಪು ಶಾಯಿಯಲ್ಲಿ, ಮಾತುಗಳನ್ನು ನೀಲಿಯಲ್ಲಿ ಬರೆದರು. ಬರೆದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಅಡುಗೆ ಮನೆಗೆ ಬಂದು ತಾವು ಮೊದಲನೆಯ ದನಿ ಹಿಡಿದು, ರೊಟ್ಟಿ ಬಡಿಯುತ್ತಿದ್ದ ಅವ್ವನಿಂದ ಎರಡನೆಯ ದನಿ ಹೇಳಿಸುತ್ತಿದ್ದರಂತೆ. ಮೂರನೆಯ ಚರಣ ಬಂದಾಗ ಬಾಗಿಲನ್ನು ಮುಂದಕ್ಕೆಳೆದುಕೊಳ್ಳುತ್ತಿದ್ದರಂತೆ. ಹೀಗೆ, ಆಗಬಾರದ್ದು ಆಗಿ, ಆ ಚರಣದ ಎರಡನೆಯ ದನಿ ಅವ್ವನ ಬಾಯಿಗೆ ಬಂದುಬಿಟ್ಟಿತು. ಅದನ್ನು ಅವಳು ಒಂದು ಸಣ್ಣ ಪಾಪದಂತೆ ಬಚ್ಚಿಟ್ಟುಕೊಂಡಿದ್ದಳು.

ಹಾಡಿನ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಬೇಕೆಂದು ಸಮಿತಿ ತೀರ್ಮಾನಿಸಿದಾಗ ನಾನು ಧಾರವಾಡದಲ್ಲಿ ಎಂ.ಎ. ಮುಗಿಸುತ್ತಿದ್ದೆ. ದೇವಾಲಯದ, ಅಂದರೆ ನಮ್ಮ ಚರ್ಚಿನ, ಗೋಡೆಯ ಮೇಲೆ ದೊಡ್ಡ ಪರದೆ ಬರುವುದಿತ್ತು. ಅಪ್ಪ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಸಪ್ತಾಪುರದ ನನ್ನ ಬಾಡಿಗೆ ಕೋಣೆಗೆ ತಂದುಕೊಟ್ಟರು. ಇಪ್ಪತ್ತು ದಿನ ಕುಳಿತು ಟೈಪ್ ಮಾಡಿದೆ. ಕಾಗುಣಿತ ತಿದ್ದಿದೆ, ಹಳೆಯ ಪದಗಳಿಗೆ ಅಡಿಟಿಪ್ಪಣಿ ಬರೆದೆ. ಹಾಡುಗಳನ್ನು ಪಠ್ಯವಾಗಿ ನೋಡುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತ್ತು.

ಪುಸ್ತಕ ಒಯ್ಯಲು ಬಂದ ಅಪ್ಪ ಲ್ಯಾಪ್‌ಟಾಪಿನ ಮುಂದೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಅಕ್ಷರ ಛಲೋ ಬಂದಾವ ಎಂದರು. ಆಮೇಲೆ ಕೇಳಿದರು: "ಮ್ಯಾಲಿನ ಸಾಲು ಎಲ್ಲಿ ಅದಾವವ್ವಾ?"

ಪರದೆಯ ಮೇಲೆ ಅವು ಬೇಕಾಗುವುದಿಲ್ಲ, ಹೇಗೂ ಪುಸ್ತಕ ಇದ್ದೇ ಇದೆಯಲ್ಲ, ಆಮೇಲೆ ಮಾಡೋಣ ಎಂದೆ. ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಅಪ್ಪ ಹೂಂ ಎಂದು ಪುಸ್ತಕವನ್ನು ಮತ್ತೆ ಟವೆಲಿನಲ್ಲಿ ಸುತ್ತಿ, ದೇವಾಲಯದ ಕಪಾಟಿಗೆ ಮರಳಿಸಲು ಒಯ್ದರು. ಅದೇ ವರ್ಷ ಜುಲೈ ತಿಂಗಳಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಸೆಪ್ಟೆಂಬರಿನಲ್ಲಿ ಸಭೆಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು: ನಿಮ್ಮ ಮೆಚ್ಚಿನ ಹತ್ತು ಕ್ರಿಸ್ಮಸ್ ಹಾಡುಗಳಿಗೆ ಮತ ಹಾಕಿರಿ, ಹೆಚ್ಚು ಮತ ಬಂದ ಹತ್ತಕ್ಕೆ ವಾದ್ಯಸಂಗೀತದ ಟ್ರ್ಯಾಕ್ ತರಿಸಲಾಗುವುದು, ಈ ವರ್ಷ ಮನೆ ಮನೆಗೂ ಸ್ಪೀಕರ್ ಬರಲಿದೆ. ನಾವು ಶೋಕದಲ್ಲಿದ್ದೆವು, ಮತ ಹಾಕಲಿಲ್ಲ. ಗ್ವಾದಲಿಯ ಹಾಡು ಹತ್ತರೊಳಗೆ ಬರಲಿಲ್ಲ. ಬರುವುದಾದರೂ ಹೇಗೆ? ಸಾವಿನ ಮನೆಯ ಚರಣವಿರುವ ಹಾಡನ್ನು ತನ್ನ ಮೆಚ್ಚಿನದೆಂದು ನನ್ನ ಹೊರತು ಯಾರು ಗುರುತು ಹಾಕಿಯಾರು? ಆ ಚರಣ ಬೇಕಾಗುವುದು ಮನೆಯಲ್ಲಿ ಸಾವಾದ ವರ್ಷದಲ್ಲಿ ಮಾತ್ರ. ಕಳೆದ ವರ್ಷ ನಮಗೆ ಬೇಕಿತ್ತು.

ಡಿಸೆಂಬರ್ ಮೊದಲ ವಾರ ನಾನು ಸಮಿತಿಯ ಕಾರ್ಯದರ್ಶಿಗಳನ್ನು ಕಾಣಲು ಹೋದೆ. ಅವರು ಅಪ್ಪನ ಗೆಳೆಯರು, ನಾನು ಕಾಕಾ ಎಂದೇ ಕರೆಯುವವರು. ಪಟ್ಟಿಯಲ್ಲಿ ಇರಲಿ ಬಿಡಲಿ, ನಮ್ಮ ಮನೆಯಲ್ಲಿ ಮೂರನೆಯ ಚರಣ ಆಗಬೇಕು, ತಂಡದವರಿಗೆ ಪುಸ್ತಕ ಕೊಡಿಸಿರಿ ಎಂದೆ. ಅವರು ಕಪಾಟಿನ ಕಡೆಗೂ ನೋಡಲಿಲ್ಲ. ಅಕ್ಟೋಬರಿನಲ್ಲಿ ದೇವಾಲಯಕ್ಕೆ ಬಣ್ಣ ಬಳಿಸುವಾಗ ಹಳೆಯ ಪುಸ್ತಕ, ಹಳೆಯ ಚಾಪೆ, ಮುರಿದ ಕುರ್ಚಿ ಎಲ್ಲವನ್ನೂ ಒಂದೇ ಟೆಂಪೊದಲ್ಲಿ ಕಳಿಸಿದೆವು, ಸಮಿತಿಯ ಠರಾವು ಆಗಿತ್ತು ಎಂದರು.

ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ ಅಂದರು: "ಹಾಡು ಎಲ್ಲೂ ಹೋಗಿಲ್ಲ ತಂಗಿ. ಎಲ್ಲಾ ಕಂಪ್ಯೂಟರಿನ್ಯಾಗ ಐತಿ. ನೀನ ಮಾಡಿಕೊಟ್ಟೀಯಲ್ಲ."

ನನ್ನ ಜೀವಮಾನದಲ್ಲಿ ನನ್ನ ಕೆಲಸಕ್ಕೆ ದೊರೆತ ಅತ್ಯಂತ ದೊಡ್ಡ ಮನ್ನಣೆ ಅದು. ಅಪ್ಪನ ಪುಸ್ತಕವನ್ನು ಎಸೆಯಲು ಬೇಕಾದ ಧೈರ್ಯವನ್ನು ಅವರಿಗೆ ಒದಗಿಸಿದವಳು ನಾನು. ಕೆಂಪು ಶಾಯಿಯ ಪ್ರತಿಯೊಂದು ಸಾಲನ್ನೂ ದಾಟಿ ದಾಟಿ ನೀಲಿಯನ್ನಷ್ಟೇ ಬರೆದುಕೊಂಡವಳು ನಾನು. ರದ್ದಿ ಅಂಗಡಿಗಳಲ್ಲಿ ಎರಡು ದಿನ ವಿಚಾರಿಸಿದೆ. ಎರಡು ತಿಂಗಳ ಹಿಂದಿನ ಕಾಗದವೇ ಎಂದು ಅವರು ಕನಿಕರದಿಂದಲೇ ನಕ್ಕರು.

ಉಳಿದ ಒಂದೇ ಆಸೆ ಪೇಟಿ ಮಾಸ್ತರರು. ಬಹಳ ವರ್ಷ ತಂಡವನ್ನು ನಡೆಸಿ, ಈಗ ಧಾರವಾಡದಲ್ಲಿ ಮಗಳ ಮನೆಯಲ್ಲಿ ಇದ್ದಾರೆ. ಅವ್ವನನ್ನೂ ಕರೆದುಕೊಂಡು ಹೋದೆ. ವಿಷಯ ಹೇಳುವ ಮೊದಲೇ ಅವರು ಕೈ ಚಾಚಿ ಪುಸ್ತಕ ತಂದಿದ್ದೀಯಾ ಎಂದು ಕೇಳಿದರು. ಇಲ್ಲ, ಅದು ರದ್ದಿಗೆ ಹೋಯಿತು ಎಂದೆ.

"ಎಷ್ಟೋ ಸಾವಿನ ಮನ್ಯಾಗ ಹಾಡಿಸೇನಿ," ಎಂದರು. "ಒಮ್ಮೆನೂ ಪುಸ್ತಕ ಬಿಟ್ಟು ಕಣ್ಣೆತ್ತಿಲ್ಲ. ಬಾಯಿಗೆ ಬರಬಾರದು ಅಂತ ಹಟಾ ಹಿಡಿದು ಮರತೇನಿ. ಈಗ ನೆನಪ ಮಾಡು ಅಂದ್ರ ಎಲ್ಲಿಂದ ತರ್ಲಿ?"

ಆಗ ಅವ್ವ ತಲೆ ತಗ್ಗಿಸಿ, ತನಗೆ ಎರಡನೆಯ ದನಿ ಬರುತ್ತದೆ ಎಂದು ಒಪ್ಪಿಕೊಂಡಳು. ಮುದುಕರು ಬೈಯಲಿಲ್ಲ. ಭಾಳ ಛಲೋ ಕಳ್ಳಿ ಅದಿ ಬಿಡವ್ವಾ ಎಂದು ನಕ್ಕು, ಬಾಗಿಲು ಮುಚ್ಚಿಸಿ, ಹಾಡಿಸಿ ಕೇಳಿದರು. ಅದರ ಮೇಲೆ ಮೊದಲನೆಯ ದನಿಯನ್ನು ಕಟ್ಟಲು ಸಾಧ್ಯವೇ ಎಂದು ನಾನು ಕೇಳಿದೆ.

"ಕಟ್ಟಬಹುದು," ಎಂದರು. "ಆದ್ರ ಅದು ನಾ ಕಟ್ಟಿದ್ದಾಗತೈತಿ. ನಿಮ್ಮಪ್ಪ ಹಾಡಿದ್ದಾಗಂಗಿಲ್ಲ."

ಅವ್ವ ಬೇಡ ಎಂದು ಕೈಯಿಂದಲೇ ಹೇಳಿದಳು. ಬಸ್ಸಿನಲ್ಲಿ ಮರಳುವಾಗ ಒಂದೇ ಮಾತಾಡಿದಳು, ಅದೂ ಕಿಟಕಿಯ ಕಡೆ ನೋಡುತ್ತ: ಮೊದಲನೆಯ ದನಿಯನ್ನು ಕಲಿಯಬೇಕೆಂದು ನನಗೆ ಎಂದೂ ಅನ್ನಿಸಲಿಲ್ಲ, ಅದನ್ನು ಹಾಡಲು ನಿಮ್ಮಪ್ಪ ಇರುತ್ತಾರೆ ಎಂದುಕೊಂಡಿದ್ದೆ.

ತಂಡ ನಮ್ಮ ಮನೆಗೆ ಬಂದ ದಿನ ಅವ್ವ ಕರ್ಚಿಕಾಯಿ ಮಾಡಿ, ಅಟ್ಟದಿಂದ ನಕ್ಷತ್ರ ಇಳಿಸಿ, ಒರೆಸಿ, ಬಾಗಿಲ ಪಕ್ಕ ಸ್ಟೂಲಿನ ಮೇಲೆ ಇಟ್ಟಿದ್ದಳು. ಗಾಲಿ ಇದ್ದ ಸ್ಪೀಕರನ್ನು ಅಂಗಳಕ್ಕೆ ಎಳೆದು ತಂದರು. ಅದರ ಮೈತುಂಬ ಬಣ್ಣದ ದೀಪಗಳು ಓಡಾಡುತ್ತಿದ್ದವು. ಪಟ್ಟಿಯ ಎರಡು ಹಾಡು ಮುಗಿದ ಮೇಲೆ ತಂಡದ ಮುಂದಾಳು, ಒಳ್ಳೆಯ ಯುವಕ, ಆಂಟಿಗಾಗಿ ಹಳೆಯ ಹಾಡನ್ನೂ ಹಾಡುತ್ತೇವೆ ಎಂದ. ಸ್ಪೀಕರ್ ಆರಿಸಿದರು. ಎಲ್ಲರೂ ಫೋನ್ ತೆಗೆದು ನನ್ನ ಟೈಪಿನ ಅಕ್ಷರಗಳನ್ನು ಮುಖದ ಮುಂದೆ ಹಿಡಿದರು. ಮೊದಲನೆಯ ಚರಣ ಬಂತು, ಎರಡನೆಯದು ಬಂತು. ಎತ್ತುಗಳು ಮೆಲುಕು ನಿಲ್ಲಿಸಿದವು.

ಅಲ್ಲಿಗೆ ಹಾಡು ನಿಂತಿತು. ಮೂರನೆಯ ಚರಣದ ಮಾತುಗಳೆಲ್ಲ ಫೋನಿನ ಪರದೆಯ ಮೇಲೆ ಇದ್ದವು. ಒಂದು ಕೊಂಬು, ಒಂದು ಒತ್ತು ತಪ್ಪಿರಲಿಲ್ಲ. ಬಾಗಿಲಲ್ಲಿ ನಿಂತ ಕುರುಬ, ಒಳಗೆ ಕರೆಯುವ ತಾಯಿ, ಎಲ್ಲರೂ ಅಲ್ಲಿದ್ದರು. ಧಾಟಿ ಇಲ್ಲದೆ ಬಾಯಿ ತೆರೆಯಲು ಯಾರಿಗೂ ದಾರಿ ಇರಲಿಲ್ಲ.

ಆಗ ಅವ್ವ ಹಾಡಿದಳು. ಎರಡನೆಯ ದನಿಯನ್ನು ಒಂಟಿಯಾಗಿ ಕೇಳಿದವರಿಗೆ ಗೊತ್ತು, ಅದು ಹಾಡಿನಂತೆ ಕೇಳಿಸುವುದಿಲ್ಲ. ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ; ಒಂದು ಮೆಟ್ಟಿಲು ಇಳಿಯುತ್ತದೆ, ಮತ್ತೆ ಅಲ್ಲಿಗೇ ಬರುತ್ತದೆ. ಪಕ್ಕದಲ್ಲಿ ಯಾರೋ ನಡೆಯುತ್ತಿದ್ದಾರೆ ಎಂದು ನಂಬಿ ಇಡುವ ಹೆಜ್ಜೆಗಳು ಅವು. ಹಿಂದಿನ ಸಾಲಿನ ಒಬ್ಬ ಹುಡುಗಿ ಅವ್ವನಿಗೆ ಧಾಟಿ ತಪ್ಪಿತೆಂದು ಬಗೆದು ಮುಖ ಮುಚ್ಚಿ ನಕ್ಕಳು. ಅವಳನ್ನು ನಾನು ದೂರುವುದಿಲ್ಲ. ತಪ್ಪಿದ್ದು ಏನು ಎಂದು ಅವಳಿಗೆ ಕಲಿಸಬಹುದಾಗಿದ್ದ ಪುಸ್ತಕ ಅಷ್ಟರಲ್ಲಿ ಅರೆದು ತಿರುಳಾಗಿತ್ತು.

ಮುಂದಾಳು ಸ್ಟೂಲಿನ ಮೇಲಿದ್ದ ನಕ್ಷತ್ರಕ್ಕೆ ಕೈ ಹಾಕಿದ. ಅವ್ವ ಅವನ ತೋಳು ಹಿಡಿದಳು.

"ಬ್ಯಾಡಪ್ಪಾ. ಅರ್ಧಾ ಹಾಡಿಗೆ ಚುಕ್ಕಿ ಕಟ್ಟಂಗಿಲ್ಲ."

ಎಲ್ಲರಿಗೂ ಕರ್ಚಿಕಾಯಿ ಹಂಚಿ, ಹಿಂದಿನ ಸಾಲಿನ ಆ ಹುಡುಗಿಗೆ ಎರಡು ಕೊಟ್ಟು ಕಳಿಸಿದಳು. ನಕ್ಷತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮತ್ತೆ ಅಟ್ಟಕ್ಕೆ ಏರಿಸಿದವಳು ನಾನು. ಆ ಡಿಸೆಂಬರಿನಲ್ಲಿ ನಮ್ಮ ಓಣಿಯ ಕ್ರೈಸ್ತ ಮನೆಗಳಲ್ಲಿ ಕತ್ತಲಿದ್ದದ್ದು ನಮ್ಮದೊಂದೇ. ಬಾಗಿಲಲ್ಲಿ ನಿಂತ ಕುರುಬನನ್ನು ಯಾರೂ ಒಳಗೆ ಕರೆಯಲಿಲ್ಲ. ಹೊಸ ವರ್ಷ ಬಂದಿದೆ, ಅವ್ವನ ಶೋಕದ ಬಿಳಿ ಸೀರೆ ಬದಲಾಗಿಲ್ಲ, ಮತ್ತು ಆ ಚರಣ ಮರಳಿ ಬರುತ್ತದೆ ಎಂಬ ನಂಬಿಕೆ ನನಗೆ ಇಲ್ಲ.

ನಂಬಿಕೆ ಇಲ್ಲದಿದ್ದರೂ ಕೇಳುವುದನ್ನು ನಾನು ಬಿಡುವುದಿಲ್ಲ. ಸಭೆಯ ಆಡಳಿತ ಸಮಿತಿಯ ಮಾನ್ಯ ಸದಸ್ಯರಲ್ಲಿ ಈ ಮೂಲಕ ವಿನಂತಿಸುತ್ತೇನೆ. ಆ ಠರಾವನ್ನು ಮಂಡಿಸಿದವರು ಯಾರು, ಅನುಮೋದಿಸಿದವರು ಯಾರು, ಪುಸ್ತಕವನ್ನು ತೆರೆದು ನೋಡಿದವರು ಒಬ್ಬರಾದರೂ ಇದ್ದರೇ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು, ಅದನ್ನು ಭಾನುವಾರದ ಆರಾಧನೆಯಲ್ಲಿ ಎಲ್ಲರ ಮುಂದೆ ಓದಬೇಕು. ಎಂದಾದರೂ ಆ ಪುಸ್ತಕದಿಂದ ಒಂದು ಹಾಳೆಯನ್ನಾದರೂ ಬರೆದುಕೊಂಡವರು ನಮ್ಮ ಸೀಮೆಯ ಯಾವ ಸಭೆಯಲ್ಲಿದ್ದರೂ ಅವರನ್ನು ಹುಡುಕಬೇಕು. ಪತ್ರ ಬರೆಯುವ, ಊರೂರು ತಿರುಗುವ ಕೆಲಸವನ್ನು ನನಗೇ ಒಪ್ಪಿಸಬಹುದು. ಧಾಟಿ ಸಿಗುವವರೆಗೆ ಸಾವಾದ ಮನೆಗಳ ಅಂಗಳಕ್ಕೆ ಸ್ಪೀಕರ್ ತರಬಾರದು. ಆ ಉತ್ತರವನ್ನು ಓದುವ ದಿನ, ಮಾತು ಉಳಿಸಿ ಸ್ವರ ಬಿಟ್ಟವಳು ಯಾರು ಎಂಬ ಪ್ರಶ್ನೆಗೆ ನಾನೂ ಎದ್ದು ನಿಂತು ಉತ್ತರಿಸುತ್ತೇನೆ. ಇದೆಲ್ಲ ಈ ಸಲದ ಕ್ರಿಸ್ಮಸ್ಸಿಗೆ ಮುನ್ನ ಬರುವ ಆಗಮನ ಕಾಲದ ಮೊದಲ ಭಾನುವಾರಕ್ಕಿಂತ ಮುಂಚೆ ಆಗಬೇಕು. ಅವ್ವನಿಗೆ ವಯಸ್ಸಾಗುತ್ತಿದೆ, ಮತ್ತು ಈಗ ನಮ್ಮಲ್ಲಿ ಉಳಿದಿರುವುದು ಎರಡನೆಯ ದನಿಯೊಂದೇ.